ವೈದ್ಯವಿದ್ಯಾರ್ಥಿಗಳ ಸಂಭಾಷಣ ಶಿಕ್ಷಣ

ರೋಗಿಯ ಮಾತನ್ನು ಸರಿಯಾಗಿ ಗ್ರಹಿಸಿ, ರೋಗದ ಸ್ವರೂಪವನ್ನೂ ಚಿಕಿತ್ಸೆಯ ಕ್ರಮವನ್ನೂ ಅವನಿಗೆ ತಿಳಿಯುವಂತೆ ನುಡಿಯುವ ಸಾಮರ್ಥ್ಯವನ್ನು ವೈದ್ಯವಿದ್ಯಾರ್ಥಿಗಳಲ್ಲಿ ಬೆಳೆಸುವ ಶಿಕ್ಷಣ. ಇದು ಪಠ್ಯವಿಷಯವಾದದ್ದು ಇತ್ತೀಚೆಗಾದರೂ ಇದರ ವಿಚಾರ ಪ್ರಾಚೀನವಾದುದು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ವೈದ್ಯರು ತಮ್ಮೊಳಗೆ ನಡೆಸುವ ಚರ್ಚೆಯನ್ನು ಸಂಧಾಯ ಸಂಭಾಷೆ (ಸೌಹಾರ್ದದ ಚರ್ಚೆ), ವಿಗೃಹ್ಯ ಸಂಭಾಷೆ (ಎದುರಾಳಿಯೊಡನೆ ವಾದ) ಎಂದು ವಿಭಜಿಸಿ ವಿವರಿಸುವುದಲ್ಲದೆ, ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಆಡಬಾರದೆಂದೂ, ಆಯುಸ್ಸು ಕ್ಷೀಣಿಸಿರುವುದು ತಿಳಿದಿದ್ದರೂ ಆ ಮಾತು ರೋಗಿಗಾಗಲಿ ಅನ್ಯರಿಗಾಗಲಿ ಆಘಾತವನ್ನುಂಟುಮಾಡುವೆಡೆಯಲ್ಲಿ ಅದನ್ನು ಹೇಳಬಾರದೆಂದೂ ಶಿಷ್ಯನಿಗೆ ವಿಧಿಸುತ್ತದೆ. ಈ ಕೊನೆಯ ವಿಧಿಯನ್ನು ಇಂದಿನ ವೈದ್ಯನೀತಿ ಯಥಾವತ್ತಾಗಿ ಒಪ್ಪದು; ಆದರೂ ವೈದ್ಯನ ಬಾಯಿಂದ ಹೊರಟ ಮಾತು ರೋಗಿಯ ದೇಹದ ಮೇಲೂ ಪರಿಣಾಮ ಬೀರುತ್ತದೆಂಬ ಅರಿವು ಅದರ ಹಿಂದೆ ಇದ್ದಿತೆಂಬುದು ಗಮನಾರ್ಹ.

1924ರಲ್ಲಿ ಬೆಂಗಳೂರಿನಲ್ಲಿ ಆರಂಭಗೊಂಡು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡ ಮೈಸೂರು ವೈದ್ಯಕೀಯ ಕಾಲೇಜಿನ ಕಾಲದಿಂದಲೂ ನಮ್ಮಲ್ಲಿ ವೈದ್ಯಪಾಠ ಇಂಗ್ಲಿಷಿನದು, ರೋಗಿಯ ನುಡಿ ಕನ್ನಡದ್ದು. ಇವೆರಡನ್ನೂ ಕೂಡಿಸುವ ವಿದ್ಯೆಯನ್ನು ವಿದ್ಯಾರ್ಥಿಯು ವಾರ್ಡಿನಲ್ಲಿ ಗುರುವಿನ ಬೆನ್ನಹಿಂದೆ ನಿಂತು, ನೋಡಿ, ತಾನಾಗಿಯೇ ಕಲಿಯಬೇಕಾಗಿದ್ದಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಈ ಕಲಿಕೆಗೆ ಕ್ರಮಬದ್ಧತೆ ಒದಗಿತು: 1957ರಲ್ಲಿ ಮೈಕೇಲ್ ಬಾಲಿಂಟ್ ವೈದ್ಯ-ರೋಗಿ ಸಂಬಂಧವನ್ನು ಕುರಿತು ಗ್ರಂಥ ರಚಿಸಿದನು, 1963ರಲ್ಲಿ ಹೋವರ್ಡ್ ಬ್ಯಾರೋಸ್ ರೋಗಿಯಂತೆ ಅಭಿನಯಿಸಲು ತರಬೇತಿ ಪಡೆದವರನ್ನು ಪಾಠಕ್ಕೆ ತಂದನು, 1975ರಲ್ಲಿ ರೊನಾಲ್ಡ್ ಹಾರ್ಡನ್ ರೂಪಿಸಿದ ಪರೀಕ್ಷಾಕ್ರಮವು ವಿದ್ಯಾರ್ಥಿ ರೋಗಿಯೊಡನೆ ಹೇಗೆ ಮಾತನಾಡಿದನೆಂಬುದಕ್ಕೂ ಅಂಕ ಕೊಡುವುದನ್ನು ಸಾಧ್ಯವಾಗಿಸಿತು. ಭಾರತೀಯ ವೈದ್ಯಕೀಯ ಪರಿಷತ್ತು 2018ರಲ್ಲಿ ಮನೋಭಾವ, ನೀತಿ ಮತ್ತು ಸಂವಹನವೆಂಬ 27 ಘಟಕಗಳ ಪಾಠಕ್ರಮವನ್ನು ಪ್ರಕಟಿಸಿ, 2019ರ ತಂಡದಿಂದ ಕಡ್ಡಾಯಗೊಳಿಸಿತು. ಆ ವರ್ಷವೇ ಬಂದ ಒಂದು ತಿಂಗಳ ಬುನಾದಿ ಶಿಕ್ಷಣದಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಎಡೆ ದೊರೆಯಿತು.

ಮಂಡ್ಯ ಸೀಮೆಯಲ್ಲಿ ಆದಿಚುಂಚನಗಿರಿ ವೈದ್ಯಕೀಯ ಸಂಸ್ಥೆಯೂ (1986) ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ (2006) ಈ ಶಿಕ್ಷಣದ ಕ್ಷೇತ್ರಗಳು. ಈ ಕಲಿಕೆ ವೈದ್ಯವಿದ್ಯಾರ್ಥಿಗಳಿಗಷ್ಟೇ ಮೀಸಲಲ್ಲ: ಕೆ. ಎಂ. ದೊಡ್ಡಿಯೆಂದೇ ಜನ ಕರೆಯುವ ಮದ್ದೂರು ತಾಲೂಕಿನ ಭಾರತೀನಗರದಲ್ಲಿ ಜಿ. ಮಾದೇಗೌಡರು ಕಟ್ಟಿದ ಭಾರತೀ ವಿದ್ಯಾಸಂಸ್ಥೆಗಳ ಪೈಕಿ ಔಷಧವಿಜ್ಞಾನ ಕಾಲೇಜೂ ಒಂದು. 2017ರ ರಾಷ್ಟ್ರೀಯ ಪಠ್ಯಕ್ರಮದನ್ವಯ ಬಿ.ಫಾರ್ಮ. ಮೊದಲ ಸೆಮಿಸ್ಟರಿನಲ್ಲಿಯೇ ಸಂವಹನ ಕೌಶಲ ಒಂದು ವಿಷಯ. ಈ ಕೌಶಲವನ್ನು ನಯವಾದ ಇಂಗ್ಲಿಷ್ ಎಂದಷ್ಟೇ ಭಾವಿಸುವುದು ದೊಡ್ಡ ತಪ್ಪು. ಕಬ್ಬಿನ ಗದ್ದೆಯಿಂದ ನೇರವಾಗಿ ಬಂದವನು ‘ಎದೇಲಿ ಗ್ಯಾಸ್ ತುಂಬ್ಕಂಡದೆ’ ಎಂದಾಗ, ಅದು ಹೃದಯಾಘಾತವೂ ಆಗಿರಬಹುದೆಂದು ಶಂಕಿಸಿ, ಬೆವರಿತೇ, ನೋವು ಎಡಗೈಗೆ ಇಳಿಯಿತೇ ಎಂದು ಅವನದೇ ಮಾತಿನಲ್ಲಿ ಕೇಳಬಲ್ಲವನೇ ಕುಶಲನು. ಬಹುಕಾಲದಿಂದ ಸಕ್ಕರೆ ಕಾಯಿಲೆಯುಳ್ಳವಳು ‘ಕಾಲು ಜೋಮು ಹಿಡೀತದೆ’ ಎಂದರೆ ಅದು ನರಗಳು ಹಾನಿಗೊಂಡ ಸೂಚನೆಯಾಗಿರಬಹುದು. ಆಕೆ ಬರಿಗಾಲಿನಲ್ಲಿ ಗದ್ದೆಗೆ ಇಳಿಯುವಳೇ ಎಂದು ವಿಚಾರಿಸದೆ ಬರೆದ ಚೀಟಿ ಅಪೂರ್ಣ.

ಬುನಾದಿ ಶಿಕ್ಷಣದ ಅಲ್ಪಾವಧಿಯಲ್ಲಿ ಇಷ್ಟು ಕನ್ನಡ ದಕ್ಕಲಾರದು. ಅನ್ಯಭಾಷಿಕ ವಿದ್ಯಾರ್ಥಿಗಳೂ ಬಹುಸಂಖ್ಯೆಯಲ್ಲಿ ಬರುವ ನಮ್ಮ ಕಾಲೇಜುಗಳು ಈ ಪಾಠವನ್ನು ವಾರ್ಡಿನ ವರ್ಷಗಳಿಗೂ ಮುಂದುವರಿಸಿ, ಪರೀಕ್ಷೆಯಲ್ಲಿ ರೋಗಿಯೊಡನೆ ಕನ್ನಡದಲ್ಲಿ ನಡೆಸಿದ ಸಂಭಾಷಣೆಗೆ ಅಂಕವಿರಿಸಬೇಕು.