ಮೀನುಗಾರರೇ ಕಾವಲು ನಿಂತ ಹವಳದ ದಿಬ್ಬ

ಬಿತ್ತನೆಗೆಂದು ತೆಗೆದಿರಿಸಿದ ಬೀಜದ ಗಡಿಗೆಗೆ ಬರಗಾಲದಲ್ಲಿಯೂ ಕೈಹಾಕಬಾರದೆಂಬುದು ನಮ್ಮ ರೈತರು ಚೆನ್ನಾಗಿ ಬಲ್ಲ ಮಾತು. ಸಮುದ್ರದಲ್ಲಿಯೂ ಇಂತಹ ಬೀಜದ ಗಡಿಗೆಯೊಂದನ್ನು ಇರಿಸಲು ಸಾಧ್ಯವೆ? ಇರಿಸಿದರೆ ಅದನ್ನು ಕಾಯುವವರಾರು? ಸಮುದ್ರಕ್ಕೆ ಬೇಲಿಯಿಲ್ಲ, ಬದುವಿಲ್ಲ. ಫಿಲಿಪೀನ್ಸ್ ದೇಶದ ಎರಡು ಪುಟ್ಟ ದ್ವೀಪಗಳ ಇತಿಹಾಸವು ಈ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ.

ಹವಳವೆಂದೊಡನೆ ನಿಮಗೆ ಕೊರಳ ಸರದ ಕೆಂಪು ಮಣಿ ನೆನಪಾಗಬಹುದು. ದಿಬ್ಬ ಕಟ್ಟುವ ಹವಳಗಳು ಬೇರೆ. ಉಷ್ಣವಲಯದ ತಿಳಿನೀರಿನಲ್ಲಿ ಅತಿ ಸಣ್ಣ ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದು, ಸುಣ್ಣದ ಗೂಡುಗಳನ್ನು ಕಟ್ಟುತ್ತ ಹೋಗುತ್ತವೆ. ಶತಮಾನಗಳು ಕಳೆದಂತೆ ಅವು ದಿಬ್ಬಗಳಾಗುತ್ತವೆ. ಅಲ್ಲಿನ ಸಂದುಗೊಂದುಗಳೇ ಮೀನುಗಳಿಗೆ ಮನೆ, ತೊಟ್ಟಿಲು, ಉಗ್ರಾಣ. ಇಂತಹ ದಿಬ್ಬಗಳ ಮೇಲೆ ಫಿಲಿಪೀನ್ಸಿನ ಕೆಲವರು ಸಿಡಿಮದ್ದನ್ನೆಸೆದು ಮೀನು ಹಿಡಿಯುತ್ತಿದ್ದರು; ಸಯನೈಡ್ ವಿಷವನ್ನೂ ಬಳಸುತ್ತಿದ್ದರು. ಮುರೋ-ಆಮಿ ಎಂಬ ಪದ್ಧತಿಯಲ್ಲಿ ಈಜುಗಾರರು ಹಗ್ಗಕ್ಕೆ ಕಟ್ಟಿದ ಭಾರಗಳಿಂದ ಹವಳವನ್ನು ಕುಟ್ಟಿ, ಬೆದರಿದ ಮೀನುಗಳನ್ನು ಬಲೆಗೆ ಅಟ್ಟುತ್ತಿದ್ದರು. ಒಂದು ದಿನದ ಬೇಟೆಗಾಗಿ ನೂರು ವರ್ಷಗಳ ಮನೆ ಮುರಿಯುತ್ತಿತ್ತು.

ನೆಗ್ರೋಸ್ ದ್ವೀಪದ ಸಿಲಿಮನ್ ವಿಶ್ವವಿದ್ಯಾಲಯದಲ್ಲಿ ಏಂಜೆಲ್ ಅಲ್ಕಾಲಾ ಎಂಬ ಜೀವವಿಜ್ಞಾನಿ ಇದ್ದರು. ಅವರ ಪ್ರಯತ್ನದಿಂದ 1974ರಲ್ಲಿ ಸೆಬು ದ್ವೀಪದ ತೆಂಕಣ ತುದಿಯ ಬಳಿಯಿರುವ ಸುಮಿಲೊನ್ ದ್ವೀಪದಲ್ಲಿ, ಸುತ್ತಲ ದಿಬ್ಬದ ಸುಮಾರು ಕಾಲುಭಾಗದಲ್ಲಿ ಮೀನುಗಾರಿಕೆ ನಿಷಿದ್ಧವಾಯಿತು. ಕೆಲವೇ ವರ್ಷಗಳಲ್ಲಿ ಮೀನು ಹೆಚ್ಚಿದುದು ಕಂಡುಬಂದಿತು. ಆದರೆ ಈ ಏರ್ಪಾಡು ನಿಂತಿದ್ದುದು ವಿಶ್ವವಿದ್ಯಾಲಯದ ಆಸಕ್ತಿ ಮತ್ತು ಊರಾಡಳಿತದ ಆಜ್ಞೆಗಳ ಮೇಲೆ. ಆಡಳಿತದ ಮನಸ್ಸು ಬದಲಾದಾಗ ಆಜ್ಞೆಗೆ ಬೆಲೆ ಉಳಿಯಲಿಲ್ಲ. 1984ರಲ್ಲಿ ಸುಮಾರು ನೂರು ಮಂದಿ ಮೀನುಗಾರರು ಸಿಡಿಮದ್ದು, ಮುರೋ-ಆಮಿಗಳೊಡನೆ ಒಳನುಗ್ಗಿದರು. ಮುಂದೆ ಆದುದನ್ನು ಗಮನಿಸಿ: ಹಿಡಿಯಲು ದೊರೆತ ಜಾಗ ಹೆಚ್ಚಿತು, ಆದರೆ ದ್ವೀಪದ ಮೀನಿನ ಒಟ್ಟು ಹುಟ್ಟುವಳಿ ಎರಡೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಗಡಿಗೆಯ ಬೀಜವನ್ನು ಉಂಡವರ ಪಾಡು ಇದೇ ತಾನೆ!

ಇನ್ನೊಂದು ದ್ವೀಪ ಆಪೋ. ನೆಗ್ರೋಸಿನ ಆಗ್ನೇಯ ತೀರಕ್ಕೆ ಸಮೀಪದಲ್ಲಿ, ಒಂದು ಚದರ ಕಿಲೋಮೀಟರಿಗಿಂತಲೂ ಕಿರಿದಾದ ನೆಲದ ಮೇಲೆ, ಕೆಲವು ನೂರು ಜನ ಕಡಲನ್ನೇ ನಂಬಿ ಬದುಕುತ್ತಿದ್ದರು. 1979ರಿಂದ ಸಿಲಿಮನ್ನಿನವರು ಇಲ್ಲಿಗೆ ಬಂದುಹೋಗುತ್ತ ಜನರೊಡನೆ ಮಾತನಾಡಿದರು. ಆಜ್ಞೆ ತರಲಿಲ್ಲ, ಸುಮಿಲೊನ್‌ನಲ್ಲಿ ಹೆಚ್ಚಿದ್ದ ಮೀನನ್ನು ಉದಾಹರಣೆಯಾಗಿ ತೋರಿಸಿದರು. ಇರುವ ಅಲ್ಪ ಕಡಲಿನಲ್ಲಿಯೂ ಒಂದು ಭಾಗ ಬಿಡೆಂದರೆ ಹಸಿದವನು ಒಪ್ಪುವುದುಂಟೆ? ಮೂರು ವರ್ಷಗಳ ಮಾತುಕತೆಯ ಬಳಿಕ, 1982ರಲ್ಲಿ ಹದಿನಾಲ್ಕು ಕುಟುಂಬಗಳು ಒಪ್ಪಿ, ಸುಮಾರು 450 ಮೀಟರ್ ಉದ್ದದ ತೀರವನ್ನು ಮೀನಿಗೆ ಬಿಟ್ಟುಕೊಟ್ಟವು. ಅದು ದಿಬ್ಬದ ಹತ್ತರಲ್ಲೊಂದು ಭಾಗ. ಕಾವಲಿಗೆ ಪೊಲೀಸರಿರಲಿಲ್ಲ, ದಡದಲ್ಲಿ ಕುಳಿತ ಒಬ್ಬನ ಕಣ್ಣು ಸಾಕಾಗುತ್ತಿತ್ತು.

ಅಂಚಿನಲ್ಲಿ ಮೀನು ಹೆಚ್ಚುತ್ತ ಬಂದುದನ್ನು ಕಂಡು ಉಳಿದವರ ಮನಸ್ಸೂ ತಿರುಗಿತು. 1985ರ ವೇಳೆಗೆ ಇಡೀ ದ್ವೀಪವೇ ಬೆಂಬಲಕ್ಕೆ ನಿಂತಿತು. ದ್ವೀಪದ ಸುತ್ತ ಹೊರಗಿನವರು ಮೀನು ಹಿಡಿಯಬಾರದು. ಒಳಗಿನವರೂ ಗಾಳ, ಬೋನು, ಅಗಲ ಕಣ್ಣಿನ ಬಲೆಗಳಂತಹ ಸಾಧನಗಳನ್ನು ಮಾತ್ರ ಬಳಸಬೇಕು ಎಂಬ ಕಟ್ಟಳೆ ಬಂದಿತು. ಇದರಲ್ಲಿ ಪವಾಡವೇನೂ ಇಲ್ಲ. ದೊಡ್ಡ ಮೀನು ಸಣ್ಣದಕ್ಕಿಂತ ಅನೇಕ ಪಟ್ಟು ಮೊಟ್ಟೆಯಿಡುತ್ತದೆ. ಸಾಯದೆ ಬೆಳೆದ ಮೀನು ಕ್ರಮೇಣ ಎಲ್ಲೆ ದಾಟಿ ಹೊರಗಿನ ಬಲೆಗೂ ಬರುತ್ತದೆ. ಆದರೆ ಬೇಕಾದುದು ತಾಳ್ಮೆ. ದೊಡ್ಡ ಬೇಟೆಗಾರ ಮೀನುಗಳ ರಾಶಿ ಹದಿನೆಂಟು ವರ್ಷಗಳಾದರೂ ಏರುತ್ತಲೇ ಇದ್ದುದನ್ನು ಅಲ್ಕಾಲಾ ಮತ್ತು ಅವರ ಸಹೋದ್ಯೋಗಿ ಗ್ಯಾರಿ ರಸ್ ಅಳೆದು ತೋರಿಸಿದರು. 1992ರಲ್ಲಿ ಅಲ್ಕಾಲಾರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು. 1994ರಲ್ಲಿ ರಾಷ್ಟ್ರೀಯ ಕಾನೂನಿನಡಿಯಲ್ಲಿ ಆಪೋ ರಕ್ಷಿತ ಪ್ರದೇಶವಾಯಿತು. ಆಗ ಪರಿಸರ ಖಾತೆಯ ಮಂತ್ರಿಯಾಗಿದ್ದವರು ಅಲ್ಕಾಲಾರೇ. ಕಾನೂನಿನ ಬಲ ದೊರೆಯಿತು, ನೋಡಲು ಬರುವವರು ತೆರುವ ಶುಲ್ಕವೂ ಬಂದಿತು. ಜೊತೆಗೆ, ತಮ್ಮ ಮಾತಿಗೆ ಮೊದಲಿನ ತೂಕ ಉಳಿಯಲಿಲ್ಲವೆಂಬ ಅಸಮಾಧಾನವೂ ದ್ವೀಪವಾಸಿಗಳಲ್ಲಿ ಹುಟ್ಟಿತು. 2011 ಮತ್ತು 2012ರ ಡಿಸೆಂಬರ್ ತಿಂಗಳುಗಳಲ್ಲಿ ಬಂದೆರಗಿದ ಚಂಡಮಾರುತಗಳು, ಅವರು ಅಷ್ಟು ಕಾಲ ಕಾಪಾಡಿದ್ದ ಭಾಗದ ಹವಳವನ್ನೇ ನುಚ್ಚುನೂರು ಮಾಡಿದವು. ಬಿಸಿಯೇರುತ್ತಿರುವ ಸಮುದ್ರವನ್ನು ಯಾವ ಹಳ್ಳಿಯ ಕಾವಲೂ ತಡೆಯಲಾರದು. ಅಲ್ಕಾಲಾ 2023ರಲ್ಲಿ ತೀರಿಕೊಂಡರು.

ಆದರೂ ಈ ಎರಡು ದ್ವೀಪಗಳ ಪಾಠ ಅಳಿಸಿಹೋಗುವಂತಹುದಲ್ಲ. ವಿಜ್ಞಾನ ಎರಡು ಕಡೆಯೂ ಒಂದೇ, ವಿಜ್ಞಾನಿಯೂ ಒಬ್ಬನೇ. ಸುಮಿಲೊನ್‌ನಲ್ಲಿ ಬಿಡಬೇಕಾದವರು ಒಬ್ಬರು, ಬಿಡಿರೆಂದು ಹೇಳಿದವರು ಇನ್ನೊಬ್ಬರು. ಆಪೋದಲ್ಲಿ ಬಿಟ್ಟವರೂ ಕಾದವರೂ ಉಂಡವರೂ ಒಂದೇ ಜನ. ಆದುದರಿಂದಲೇ ಒಂದು ಕಡೆ ಆಜ್ಞೆ ಮುರಿಯಿತು, ಇನ್ನೊಂದು ಕಡೆ ಮಾತು ನಿಂತಿತು.