ಹಾಡು ಸರಕಾದ ಕಥೆ

ಜಾಹೀರಾತು ವಿವಿಧ ಭಾರತಿಗೆ 1967ರಲ್ಲಿ, ದೂರದರ್ಶನಕ್ಕೆ 1976ರಲ್ಲಿ ಬಂತು. ಮೊದಲು ಹಾಡುಗಳ ನಡುವೆ ಜಾಹೀರಾತು ಇತ್ತು. ಬರಬರುತ್ತಾ ಹಾಡೇ ಜಾಹೀರಾತಿನೊಳಗೆ ಸೇರಿತು. ಮೆಚ್ಚಿನ ಚಿತ್ರಗೀತೆಯ ಒಂದು ಸಾಲು ಕೇಳಿದರೆ ಸಾಕು, ನಾವು ಟಿ.ವಿ.ಯತ್ತ ತಿರುಗುತ್ತೇವೆ. ವ್ಯಾಪಾರಿಗೆ ಇದು ಗೊತ್ತು. ಆದರೆ ದಿನಕ್ಕೆ ಹತ್ತಾರು ಸಲ ಕೇಳಿಸಿದರೆ ವಿರಹದ ಹಾಡು ಸಾಬೂನಿನ ಹಾಡಾಗಿಬಿಡುತ್ತದೆ.

ಬರೆದ ಕವಿಯನ್ನು ಕೇಳುವವರಾರು? ಚಿತ್ರಗೀತೆಯ ಹಕ್ಕಿಗೆ ನಿರ್ಮಾಪಕನೇ ಮೊದಲ ಒಡೆಯನೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತಿತು. ಗೀತಕಾರರ ಪರವಾಗಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ವಾದಿಸಿದರು. 2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದ, ಚಿತ್ರಮಂದಿರದಾಚೆ ಹಾಡು ದುಡಿದರೆ ಕವಿಗೂ ಸಂಗೀತಗಾರನಿಗೂ ರಾಯಲ್ಟಿಯಲ್ಲಿ ಪಾಲು ಸಲ್ಲಬೇಕೆಂದಾಯಿತು.

ದುಡಿಮೆಯ ಪಾಲನ್ನು ಕಾನೂನು ಕೊಡಿಸೀತು. ಹಾಡಿನ ಮಾನ ಉಳಿಸಬೇಕಾದವರು ಕೇಳುವ ನಾವು. ಮಕ್ಕಳಿಗೆ ಹಾಡನ್ನು ಪೂರ್ತಿಯಾಗಿ ಕೇಳಿಸೋಣ, ಬರೆದವರ ಹೆಸರನ್ನೂ ಹೇಳೋಣ.