ವೈರಸ್ ಇದೆಯೇ, ಕೆಲಸಕ್ಕಿಳಿದಿದೆಯೇ?

ಎಚ್‌ಪಿವಿ ಎಂಬ ವೈರಸ್ ತಗಲಿದ ಹೆಂಗಸರಲ್ಲಿ ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಆ ಸೋಂಕನ್ನು ತಾನಾಗಿಯೇ ಹತ್ತಿಕ್ಕಿಬಿಡುತ್ತದೆ. ಗರ್ಭಕಂಠದ ಕ್ಯಾನ್ಸರಿನತ್ತ ಸಾಗುವವರು ಕೆಲವರು ಮಾತ್ರ. ಡಿಎನ್‌ಎ ಪರೀಕ್ಷೆಯಲ್ಲಿ ವೈರಸ್ ಇರುವುದು ತಿಳಿಯುತ್ತದೆ. ಅದು ಕೋಶವನ್ನು ಕೆಡಿಸುತ್ತಿದೆಯೇ ಎಂಬುದು ತಿಳಿಯುವುದಿಲ್ಲ. ಆ ಸುಳಿವು ಇರುವುದು ವೈರಸ್ ತಯಾರಿಸುವ ಇ6, ಇ7 ಎಂಬ ಪ್ರೋಟೀನುಗಳಲ್ಲಿ. ಅವನ್ನು ಪತ್ತೆಹಚ್ಚುವ ಪ್ರಯತ್ನಕ್ಕೆ ಸುಮಾರು ನಾಲ್ಕು ದಶಕಗಳ ಇತಿಹಾಸವಿದೆ.

ಹೆರಾಲ್ಡ್ ಝುರ್ ಹೌಸೆನ್ ಅವರ ಜರ್ಮನ್ ತಂಡ 1983ರಲ್ಲಿ ಎಚ್‌ಪಿವಿಯ 16ನೇ ಪ್ರಕಾರವನ್ನೂ ಮರುವರ್ಷ 18ನೆಯದನ್ನೂ ಗುರುತಿಸಿತು. ಕ್ಯಾನ್ಸರ್ ಕೋಶಗಳಲ್ಲಿ ಇ7 ಪ್ರೋಟೀನ್ 1986ರಲ್ಲಿ, ಇ6 ಮರುವರ್ಷ ಪತ್ತೆಯಾದವು. 1989–90ರಲ್ಲಿ ಅವುಗಳ ಕೆಲಸವೂ ಬಯಲಾಯಿತು. ಕೋಶ ವಿಭಜನೆಗೆ ಕಡಿವಾಣ ಹಾಕುವ ಆರ್‌ಬಿ ಪ್ರೋಟೀನಿಗೆ ಇ7 ಅಂಟಿಕೊಳ್ಳುತ್ತದೆ; ಡಿಎನ್‌ಎ ಕೆಟ್ಟ ಕೋಶವನ್ನು ತಡೆಯುವ ಪಿ53ಯನ್ನು ಇ6 ನಾಶಮಾಡಿಸುತ್ತದೆ.

ಇಷ್ಟು ತಿಳಿದರೂ ರೋಗಿಯ ಮಾದರಿಯಲ್ಲಿ ಅವನ್ನು ನೇರವಾಗಿ ಹಿಡಿಯುವುದು ಕಷ್ಟವಾಯಿತು. ಎರಡೂ ತೀರ ಸಣ್ಣವು, ಕೋಶದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುತ್ತವೆ, ಬೇಗ ನಶಿಸುತ್ತವೆ. ಪ್ರಯೋಗಾಲಯದಲ್ಲಿ ತಯಾರಿಸಿದ ಇ6 ಒಂದಕ್ಕೊಂದು ಅಂಟಿ ಗಂಟುಗಟ್ಟುತ್ತಿತ್ತು; ಹಾಗಾಗಿ ಅದನ್ನು ಗುರುತಿಸಿ ಹಿಡಿಯುವ ಒಳ್ಳೆಯ ಆಂಟಿಬಾಡಿ ತಯಾರಿಸುವುದೇ ದೊಡ್ಡ ತಲೆನೋವಾಯಿತು.

ಸಂಶೋಧಕರು ಬಳಸುದಾರಿ ಹಿಡಿದರು. ಇ7 ಆರ್‌ಬಿಯನ್ನು ಕೆಡಿಸಿದಾಗ ಕೋಶದ ಸ್ವಂತ ಪ್ರೋಟೀನಾದ ಪಿ16 ವಿಪರೀತ ಹೆಚ್ಚುತ್ತದೆ. ಪಿ16ಕ್ಕೆ ಕಂದು ಬಣ್ಣ, ವಿಭಜನೆಯ ಗುರುತಾದ ಕೆಐ-67ಕ್ಕೆ ಕೆಂಪು ಕೊಟ್ಟು ಸ್ಲೈಡ್ ನೋಡುತ್ತಾರೆ. ಒಂದೇ ಕೋಶದಲ್ಲಿ ಕಂದು ಮೈಯೂ ಕೆಂಪು ಕೇಂದ್ರವೂ ಕಂಡರೆ ಎಚ್ಚರಗೊಳ್ಳಬೇಕು, ಏಕೆಂದರೆ ಆರೋಗ್ಯವಂತ ಕೋಶದಲ್ಲಿ ಇವೆರಡೂ ಜೊತೆಗೂಡುವುದಿಲ್ಲ. ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಜಾಣ ಉಪಾಯವೆನಿಸಿದ್ದು ಇದೇ. ಇ6, ಇ7 ತಯಾರಿಗೆ ಬೇಕಾದ ಆರ್‌ಎನ್‌ಎ ಹುಡುಕುವ ಪರೀಕ್ಷೆಗಳೂ ಬಂದವು.

ಪ್ರೋಟೀನನ್ನೇ ನೇರವಾಗಿ ತೋರಿಸುವ ಆಂಕೋಇ6 ಪರೀಕ್ಷೆ ಆಮೇಲೆ ಬಂತು. ಸ್ವಾಬ್‌ನಲ್ಲಿ ತೆಗೆದ ಕೋಶಗಳನ್ನು ದ್ರಾವಣದಲ್ಲಿ ಒಡೆದು, ಗರ್ಭಧಾರಣೆ ಪರೀಕ್ಷೆಯಂಥ ಪಟ್ಟಿಯ ಮೇಲೆ ಹರಿಸುತ್ತಾರೆ. 16, 18, 45ನೇ ಪ್ರಕಾರಗಳಿಗೆ ಅದರ ಮೇಲೆ ಬೇರೆ ಬೇರೆ ಗೆರೆಗಳಿವೆ. ಚೀನಾದ ಹಳ್ಳಿಗಳ ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೀವ್ರ ಪೂರ್ವ-ಕ್ಯಾನ್ಸರ್ ಇಲ್ಲದವರಲ್ಲಿ ಸುಮಾರು ಶೇಕಡಾ 99 ಮಂದಿಗೆ ಅದು ಸರಿಯಾಗಿಯೇ ‘ಇಲ್ಲ’ ಎಂದಿತು. ಆದರೆ ಇದ್ದವರಲ್ಲಿ ಹಿಡಿದದ್ದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಯನ್ನಷ್ಟೇ.

ಹಾಗಾಗಿ ಮೊದಲ ತಪಾಸಣೆಗೆ ಇದನ್ನು ನೆಚ್ಚಿಕೊಳ್ಳುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಡಿಎನ್‌ಎ ಪರೀಕ್ಷೆಯನ್ನೇ ಮುಂದಿಟ್ಟಿದೆ. ಮಹಾರಾಷ್ಟ್ರದ ಉಸ್ಮಾನಾಬಾದ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ, ಒಮ್ಮೆ ಮಾಡಿದ ಎಚ್‌ಪಿವಿ ತಪಾಸಣೆಯಿಂದಲೇ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದದ್ದನ್ನು ತೋರಿಸಿತ್ತು. ಪ್ರೋಟೀನ್ ಪರೀಕ್ಷೆಗೆ ಒಪ್ಪುವ ಜಾಗ ಆ ಮೊದಲ ತಪಾಸಣೆಯ ನಂತರದ್ದು: ವೈರಸ್ ಇದೆ ಎಂದು ತಿಳಿದವರಲ್ಲಿ ಯಾರಿಗೆ ತಡಮಾಡದೆ ಚಿಕಿತ್ಸೆ ಬೇಕು ಎಂದು ನಿರ್ಧರಿಸುವುದು. ಕೂಲಿ ಬಿಟ್ಟು ದೂರದಿಂದ ಬಂದವಳನ್ನು ಇನ್ನೊಂದು ದಿನ ಬಾ ಎಂದು ಕಳಿಸಿದರೆ ಅವಳು ಮರಳಿ ಬರಲಾಗದೆ ಹೋಗಬಹುದು. ಅಂಥ ಕಡೆ ಈ ಪಟ್ಟಿಗೆ ನಿಜವಾದ ಬೆಲೆಯಿದೆ. ಮೂರು ಪ್ರಕಾರಗಳ ಮಿತಿಯನ್ನು ಮೀರಿ, ಎಂಟು ಪ್ರಕಾರಗಳ ಇ6, ಇ7 ಹುಡುಕುವ ಪಟ್ಟಿಯೂ ಈಗಾಗಲೇ ಸಿದ್ಧವಾಗಿದೆ.